ಸಕ್ಕರೆ ಕಾಯಿಲೆಯವರ ಊಟ: ತಟ್ಟೆಯಲ್ಲಿ ಯಾವುದು ಎಷ್ಟು?

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಲ್ಯಾಬಿನ ಚೀಟಿ ಬಂದ ದಿನ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇನ್ನು ಮೇಲೆ ಏನೇನು ಬಿಡಬೇಕು? ಉತ್ತರ ಹೇಳುವವರಿಗೇನೂ ಕೊರತೆಯಿಲ್ಲ. ಅನ್ನ ಬಿಡಿ ಎಂದು ಒಬ್ಬರು, ಬಾಳೆಹಣ್ಣು ಮುಟ್ಟಬೇಡಿ ಎಂದು ಇನ್ನೊಬ್ಬರು, ನೆಲದಡಿ ಬೆಳೆಯುವ ಯಾವುದನ್ನೂ ತಿನ್ನಬೇಡಿ ಎಂದು ಮತ್ತೊಬ್ಬರು. ಹೀಗೆ ಬೆಳೆದ ಪಟ್ಟಿಯನ್ನು ಹಿಡಿದು ಮನುಷ್ಯ ಹದಿನೈದು ದಿನ ಬಹಳ ನಿಷ್ಠೆಯಿಂದ ಇರುತ್ತಾನೆ. ಆಮೇಲೆ ಒಂದು ಮದುವೆ ಬರುತ್ತದೆ, ಒಂದು ಗೃಹಪ್ರವೇಶ ಬರುತ್ತದೆ, ಬಾಯಿ ಬೇಡುತ್ತದೆ, ಪಟ್ಟಿ ಮುರಿಯುತ್ತದೆ. ಮುರಿದ ಮೇಲೆ ‘ಇದು ನನ್ನ ಕೈಲಾಗದ ಕೆಲಸ’ ಎಂಬ ಹತಾಶೆ. ಸಕ್ಕರೆ ಕಾಯಿಲೆಯವರ ಜೊತೆ ಕುಳಿತು ಅವರ ಊಟ ತಿಂಡಿಯ ಬಗ್ಗೆ ಮಾತಾಡುವುದೇ ನನ್ನ ಕೆಲಸ. ಅಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಈ ಹತಾಶೆಯನ್ನೇ. ಆದ್ದರಿಂದ ಇವತ್ತು ಬಿಡುವ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ತಟ್ಟೆಯಲ್ಲಿ ಯಾವುದು ಎಷ್ಟಿದೆ, ಯಾವುದರ ಜೊತೆ ಯಾವುದಿದೆ, ಯಾವ ಹೊತ್ತಿಗೆ ಇದೆ ಎಂಬುದನ್ನು ನೋಡೋಣ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದ ದೇಶವ್ಯಾಪಿ ಸಮೀಕ್ಷೆಯೊಂದರ ಫಲಿತಾಂಶ 2023ರಲ್ಲಿ ಹೊರಬಂತು. ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅದು ಅಂದಾಜು ಮಾಡಿತು. ಅದೇ ಸಮೀಕ್ಷೆ ಜನ ಏನು ತಿನ್ನುತ್ತಾರೆ ಎಂಬುದನ್ನೂ ನೋಡಿದೆ. ನಮ್ಮ ದಿನದ ಊಟದಿಂದ ಬರುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತಿದೆ. ಬೇಳೆಕಾಳು, ಹಾಲು, ಮೊಟ್ಟೆ, ಮೀನುಗಳಿಂದ ಬರಬೇಕಾದ ಪ್ರೋಟೀನಿನ ಪಾಲು ತೀರಾ ಸಣ್ಣದು. ಅಂದರೆ ಅನ್ನ, ರೊಟ್ಟಿ, ಮುದ್ದೆ, ಚಪಾತಿಗಳು ತಟ್ಟೆಯ ತುಂಬ ಹರಡಿಕೊಂಡಿವೆ. ಉಳಿದದ್ದೆಲ್ಲ ಅಂಚಿಗೆ ಸರಿದಿದೆ. ನಾನು ಇವತ್ತು ಹೇಳಬೇಕೆಂದಿರುವುದೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

‘ನಾನೇನು ದಪ್ಪಗಿದ್ದೇನೆಯೇ, ನನಗೇಕೆ ಶುಗರ್ ಬಂತು?’ ಎಂದು ಕೇಳುವವರು ಬಹಳ ಜನ. ಅವರಿಗೊಂದು ಉದಾಹರಣೆ ಹೇಳುತ್ತೇನೆ. ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ, ಅಂದರೆ ಬಿಎಂಐನಲ್ಲಿ, ಇಬ್ಬರೂ ಒಂದೇ, 22.3. ಮೈಯ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ನಮ್ಮವರ ಮೈಕಟ್ಟೇ ಹಾಗೆ: ನೋಡಲು ಸಣಕಲು, ಆದರೆ ಹೊಟ್ಟೆಯ ಒಳಗೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ತಿಂದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಜಾಗವೆಂದರೆ ಸ್ನಾಯುವೇ. ಅದು ಕಡಿಮೆ ಇರುವ ಮೈಗೆ ರಾಶಿ ಅನ್ನ ಹಾಕಿದರೆ ಆ ಸಕ್ಕರೆ ರಕ್ತದಲ್ಲೇ ನಿಲ್ಲುತ್ತದೆ.

ಅನ್ನವಾಗಲಿ, ರೊಟ್ಟಿಯಾಗಲಿ, ಇಡ್ಲಿಯಾಗಲಿ, ಅದರ ಪಿಷ್ಟವೆಲ್ಲ ಹೊಟ್ಟೆಯಲ್ಲಿ ಗ್ಲೂಕೋಸ್ ಆಗಿಯೇ ರಕ್ತಕ್ಕೆ ಸೇರುವುದು. ಎಷ್ಟು ಸೇರಿತು ಎನ್ನುವಷ್ಟೇ ಮುಖ್ಯ, ಎಷ್ಟು ಬೇಗ ಸೇರಿತು ಎನ್ನುವುದೂ. ಜಿಟಿಜಿಟಿ ಮಳೆ ಹೊಲಕ್ಕೆ ಇಂಗುತ್ತದೆ. ಅಷ್ಟೇ ನೀರು ಅರ್ಧ ಗಂಟೆಯಲ್ಲಿ ಸುರಿದರೆ ಬದು ಒಡೆದುಕೊಂಡು ಹೋಗುತ್ತದೆ. ನಾರು, ಬೇಳೆಕಾಳು, ಮೊಸರು, ಸ್ವಲ್ಪ ಎಣ್ಣೆಯ ಅಂಶ, ಇವೆಲ್ಲ ಜೊತೆಗಿದ್ದರೆ ಪಿಷ್ಟ ನಿಧಾನವಾಗಿ ಅರಗುತ್ತದೆ. ಬರೀ ಅನ್ನಕ್ಕೆ ತಿಳಿಸಾರು ಕಲಸಿ ಉಂಡರೆ ತಡೆಯುವುದಕ್ಕೆ ಏನೂ ಇಲ್ಲ.

ಇನ್ನು ರಾಗಿಯ ವಿಷಯ. ಹಳೇ ಮೈಸೂರು ಕಡೆಯವರಿಗೆ ನಾನು ಹೇಳುವ ಈ ಮಾತು ಅಷ್ಟು ಹಿಡಿಸುವುದಿಲ್ಲ, ಆದರೂ ಹೇಳಲೇಬೇಕು. ‘ಅನ್ನ ಪೂರ್ತಿ ಬಿಟ್ಟಿದ್ದೇನೆ, ಎರಡು ಹೊತ್ತೂ ಮುದ್ದೆಯೇ, ಆದರೂ ಶುಗರ್ ಇಳಿಯುತ್ತಿಲ್ಲ’ ಎಂದು ಬರುವವರು ತುಂಬ ಜನ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ, ನೂರು ಗ್ರಾಂ ರಾಗಿಯಲ್ಲೂ 70ರ ಆಸುಪಾಸು ಇದೆ. ಗೋಧಿ, ಜೋಳಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ರಾಗಿ ದೊಡ್ಡ ಧಾನ್ಯ, ಅದರಲ್ಲಿ ಎರಡು ಮಾತಿಲ್ಲ. ಅದರಲ್ಲಿ ನಾರು ಚೆನ್ನಾಗಿದೆ. ಸುಣ್ಣದ ಅಂಶ ನೂರು ಗ್ರಾಮಿಗೆ 300 ಮಿಲಿಗ್ರಾಂ ದಾಟುತ್ತದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುವಾಗ ಅದು ಬೇಗ ಅರಗುತ್ತದೆ. ಗಂಜಿಯಾಗಿ ಕುಡಿದರೆ ಇನ್ನೂ ಬೇಗ. ‘ಶುಗರ್‌ಗೆ ಒಳ್ಳೆಯದು’ ಎಂದು ಬೆಳಗ್ಗೆ ದೊಡ್ಡ ಲೋಟ ರಾಗಿ ಮಾಲ್ಟ್ ಕುಡಿದು, ಮೇಲೆ ಎರಡು ಇಡ್ಲಿ ತಿನ್ನುವವರು ಒಂದೇ ಹೊತ್ತಿನಲ್ಲಿ ಎರಡು ತಿಂಡಿ ತಿಂದಂತಾಯಿತು.

ದೊಡ್ಡ ಮುದ್ದೆಯೊಂದಕ್ಕೆ ಸುಮಾರು ನೂರು ಗ್ರಾಂ ಹಿಟ್ಟು ಬೇಕು. ಎರಡು ಮುದ್ದೆ ಉಂಡರೆ 140 ಗ್ರಾಂ ಪಿಷ್ಟ ಒಂದೇ ಊಟಕ್ಕೆ ಒಳಗೆ ಹೋಯಿತು. ಬೆಳಗಿನಿಂದ ನೇಗಿಲು ಹಿಡಿದು, ನೀರು ಕಟ್ಟಿ, ಹೊರೆ ಹೊತ್ತವನಿಗೆ ಅಷ್ಟೂ ಬೇಕಿತ್ತು. ಅವನ ಸ್ನಾಯುಗಳು ಅದನ್ನು ಸಂಜೆಯೊಳಗೆ ಉರಿಸಿಬಿಡುತ್ತಿದ್ದವು. ಈಗ ಉಳುವುದು ಟ್ರ್ಯಾಕ್ಟರ್, ಪೇಟೆಗೆ ಹೋಗುವುದು ಬೈಕಿನಲ್ಲಿ, ಮುದ್ದೆಯ ಗಾತ್ರ ಮಾತ್ರ ಅಜ್ಜನ ಕಾಲದ್ದೇ. ಹಾಗಾಗಿ ಮುದ್ದೆ ಬಿಡಬೇಡಿ, ಅದನ್ನು ಸಣ್ಣದು ಮಾಡಿ. ಒಂದು ಕಿತ್ತಳೆ ಹಣ್ಣಿನ ಗಾತ್ರದ್ದು ಒಂದೇ ಸಾಕು. ಜೊತೆಗೆ ಸೊಪ್ಪು, ಹುರುಳಿಕಾಳು, ಅವರೆಕಾಳು ತಟ್ಟೆಯ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯಲಿ. ಮುದ್ದೆ ಆದ ಮೇಲೆ ‘ಒಂದು ತುತ್ತು ಅನ್ನ’ ಎಂದು ಬಡಿಸಿಕೊಳ್ಳುವ ರೂಢಿ ಇದೆಯಲ್ಲ, ಅದು ತುತ್ತಾಗಿ ಉಳಿಯುವುದಿಲ್ಲ ಎಂಬುದು ನಿಮಗೂ ಗೊತ್ತು. ಮುದ್ದೆ ಅಥವಾ ಅನ್ನ, ಎರಡರಲ್ಲಿ ಒಂದು.

ಬಯಲುಸೀಮೆಯ ಬಹಳ ಮನೆಗಳಲ್ಲಿ ಅಕ್ಕಿ ಅನ್ನವೆಂದರೆ ಹಬ್ಬದ ಅಡುಗೆಯಾಗಿದ್ದ ಕಾಲವನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಈಗ ಅಕ್ಕಿ ದಿನವೂ ಇದೆ, ಮೂರು ಹೊತ್ತೂ ಇದೆ. ಹಸಿವು ನೀಗಿಸಿದ ಪಡಿತರದ ಅಕ್ಕಿಯನ್ನು ನಾನು ದೂರುವುದಿಲ್ಲ. ಹಸಿದ ಹೊಟ್ಟೆಯ ಮುಂದೆ ಬೇರೆ ಯಾವ ವಾದವೂ ನಿಲ್ಲದು. ಆದರೆ ಆ ಅಕ್ಕಿಯ ಜೊತೆ ಕೊಡುವ ರಾಗಿ, ಜೋಳವನ್ನು ಮಾರಿಬಿಡಬೇಡಿ. ಅದಕ್ಕಿಂತ ಮುಖ್ಯವಾಗಿ, ಅಕ್ಕಿ ಕೊಳ್ಳದೆ ಉಳಿಯುವ ಹಣದಲ್ಲಿ ಒಂದಿಷ್ಟು ಬೇಳೆಕಾಳಿಗೆ ಹೋಗಲಿ. ಸಕ್ಕರೆ ಕಾಯಿಲೆಯ ಊಟ ಎಂದರೆ ಓಟ್ಸ್, ಕಿನೊವಾ, ಬಾದಾಮಿ ಎಂಬ ತಪ್ಪು ತಿಳಿವಳಿಕೆ ಪೇಟೆಗಳಲ್ಲಿ ಬೆಳೆದಿದೆ. ಹುರುಳಿಗಿಂತ ಒಳ್ಳೆಯ ಕಾಳನ್ನು ಹುಡುಕಿ ಅಂಗಡಿ ಅಲೆಯಬೇಕಾಗಿಲ್ಲ. ಅಲಸಂದೆ, ಹೆಸರುಕಾಳು, ಕಡಲೆಕಾಳು, ಮಡಿಕೆಕಾಳು ಸಂತೆಯಲ್ಲೇ ಸಿಗುತ್ತವೆ.

ಧಾನ್ಯ ಬದಲಿಸುವ ಆಲೋಚನೆಯೂ ನಮಗೆ ಹೊಸದೇನಲ್ಲ. ಈ ರೋಗವನ್ನು ಪ್ರಮೇಹದ ಪ್ರಕರಣದಲ್ಲಿ ವಿವರಿಸಿದ ಚರಕ ಸಂಹಿತೆ, ರೋಗಿಗೆ ಯವ ಧಾನ್ಯವನ್ನು, ಅಂದರೆ ಜವೆಗೋಧಿಯನ್ನು ಕೊಡಬೇಕೆಂದು ಹೇಳುತ್ತದೆ. ಜವೆಗೋಧಿಯಲ್ಲಿ ನೀರಿನಲ್ಲಿ ಕರಗುವ ನಾರು ಹೇರಳವಾಗಿದೆ, ಅದು ಸಕ್ಕರೆ ಏರುವ ವೇಗವನ್ನು ತಗ್ಗಿಸುತ್ತದೆ ಎಂಬುದು ಈಗ ಚೆನ್ನಾಗಿ ತಿಳಿದ ಸಂಗತಿ. ಸಂಜೆಯ ಸೂಪಿಗೋ ಕಿಚಡಿಗೋ ಅದನ್ನು ಬಳಸಬಹುದು.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು ತಿನ್ನಬೇಕು ಎನ್ನುತ್ತದೆ. ಇದು ಸಕ್ಕರೆ ಕಾಯಿಲೆಯವರಿಗೆಂದೇ ಹೇಳಿದ್ದಲ್ಲ, ಎಲ್ಲರಿಗೂ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದೂವರೆ ಕಿಲೋ ತರಕಾರಿ ಖರ್ಚಾಗುತ್ತದೆಯೇ, ಲೆಕ್ಕ ಹಾಕಿ ನೋಡಿ. ಕಾಲು ಕಿಲೋ ಹುರುಳಿಕಾಯಿಯಲ್ಲಿ ಮನೆಮಂದಿಗೆಲ್ಲ ಪಲ್ಯ ಆಗಿಹೋಗುತ್ತದೆ. ನಮ್ಮ ಅಡುಗೆಯ ಕೊರತೆ ಇಲ್ಲಿದೆ. ಮಾಡುವ ವಿದ್ಯೆಯೇನೋ ನಮ್ಮಲ್ಲಿ ಧಾರಾಳವಾಗಿದೆ. ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪು ಕಾಳು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ನಾರೂ ಪ್ರೋಟೀನೂ ಇರುವುದು ಆ ಪಲ್ಯದಲ್ಲಿ. ನಾವು ಸಾರನ್ನು ಸುರಿದುಕೊಂಡು ಪಲ್ಯವನ್ನು ನಂಜಿಕೊಳ್ಳುತ್ತೇವೆ. ಸಕ್ಕರೆ ಕಾಯಿಲೆ ಇದ್ದವರು ಪಲ್ಯವನ್ನು ಉಣ್ಣಬೇಕು, ಮುದ್ದೆಯನ್ನು ನಂಜಿಕೊಳ್ಳಬೇಕು.

ಉತ್ತರ ಕರ್ನಾಟಕದ ಊಟಕ್ಕೆ ನಾನು ಹೆಚ್ಚು ಕೈ ಹಚ್ಚುವುದೇ ಇಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ಮೆಂತ್ಯಸೊಪ್ಪು, ಹಕ್ಕರಿಕೆ, ಉಳ್ಳಾಗಡ್ಡಿ, ಮೊಸರು, ಒಂದು ಚಮಚ ಶೇಂಗಾ ಚಟ್ನಿ. ಅಗಿದು ಅಗಿದು ಉಣ್ಣುವ ಊಟ ಅದು. ಹೊಟ್ಟೆ ತುಂಬಿದ್ದು ತಿಳಿಯುವಷ್ಟು ಹೊತ್ತು ಹಿಡಿಯುತ್ತದೆ. ರೊಟ್ಟಿ ಒಂದೂವರೆ ಎರಡಕ್ಕೆ ನಿಲ್ಲಲಿ, ಕೊನೆಗೆ ಅನ್ನ ಬೇಡ, ಬದನೆಕಾಯಿ ಎಣ್ಣೆಗಾಯಿಯಲ್ಲಿ ಎಣ್ಣೆ ತೇಲದಿರಲಿ, ಇಷ್ಟೇ ನನ್ನ ಮಾತು. ಕರಾವಳಿಯವರು ಕುಚಲಕ್ಕಿಯಲ್ಲಿ ಸಕ್ಕರೆ ಇಲ್ಲವೆಂಬಂತೆ ಮಾತಾಡುತ್ತಾರೆ. ಕುಚಲಕ್ಕಿ ಬೆಳ್ತಿಗೆ ಅಕ್ಕಿಗಿಂತ ತುಸು ನಿಧಾನವಾಗಿ ಅರಗುತ್ತದೆ ನಿಜ, ಪಿಷ್ಟ ಇದ್ದಷ್ಟೂ ಇದೆ. ಬಟ್ಟಲಲ್ಲಿ ಗಂಜಿ ಕಡಿಮೆ ಮಾಡಿ, ಬೂತಾಯಿ ಬಂಗುಡೆಯ ಸಾರೋ ಹೆಸರುಕಾಳಿನ ಗಸಿಯೋ ಹೆಚ್ಚು ಮಾಡಿ.

ತಿನ್ನುವ ಕ್ರಮದಿಂದಲೂ ವ್ಯತ್ಯಾಸ ಆಗುತ್ತದೆ. ಜಪಾನಿನಲ್ಲೂ ಅಮೆರಿಕದಲ್ಲೂ ನಡೆದ ಅಧ್ಯಯನಗಳಲ್ಲಿ, ಅದೇ ಊಟವನ್ನು ತರಕಾರಿ ಮತ್ತು ಪ್ರೋಟೀನ್ ಮೊದಲು, ಪಿಷ್ಟ ಕೊನೆಗೆ ಎಂಬ ಕ್ರಮದಲ್ಲಿ ತಿಂದಾಗ ಊಟದ ನಂತರದ ಸಕ್ಕರೆ ಕಡಿಮೆ ಏರಿದ್ದು ಕಂಡುಬಂತು. ನಮ್ಮ ಬಾಳೆಎಲೆಯ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲೇ ಬಂದು ಕೂರುತ್ತವೆ. ಅನ್ನ ಬರುವವರೆಗೆ ಕೈಕಟ್ಟಿ ಕಾಯಬೇಡಿ; ಅವನ್ನು ತಿಂದು ಮುಗಿಸಿ, ಇನ್ನೊಂದು ಸಲ ಕೇಳಿ ಹಾಕಿಸಿಕೊಳ್ಳಿ. ಆಮೇಲೆ ಅನ್ನ ತಾನಾಗಿಯೇ ಕಡಿಮೆ ಸೇರುತ್ತದೆ.

ಬೆಳಗಿನ ತಿಂಡಿಯೇ ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು. ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟು, ಶಾವಿಗೆ, ಇಡ್ಲಿ, ದೋಸೆ, ಪೂರಿ: ಯಾವುದನ್ನು ಹೆಸರಿಸಿದರೂ ಪಿಷ್ಟವೇ. ದರ್ಶಿನಿಗೆ ಹೋಗಿ ಚೌಚೌ ಬಾತ್ ತೆಗೆದುಕೊಂಡರೆ ರವೆಯ ಪಕ್ಕದಲ್ಲಿ ಸಕ್ಕರೆ ಹಾಕಿದ ರವೆ. ಬೆಳಗ್ಗೆ ಹನ್ನೊಂದಕ್ಕೇ ಮತ್ತೆ ಹಸಿವು, ಕಣ್ಣು ಎಳೆಯುವ ಆಯಾಸ. ತಿಂಡಿಯ ಹೆಸರು ಬದಲಾಗಬೇಕಾಗಿಲ್ಲ, ಒಳಗಿರುವ ಪಾಲು ಬದಲಾಗಲಿ. ಉಪ್ಪಿಟ್ಟಿಗೆ ರವೆ ಎಷ್ಟೋ ಅಷ್ಟೇ ಬೀನ್ಸ್, ಕ್ಯಾರೆಟ್, ಬಟಾಣಿ ಹಾಕಿ. ಅಕ್ಕಿ ರೊಟ್ಟಿಯ ಹಿಟ್ಟಿಗೆ ಹಿಟ್ಟು ಮುಚ್ಚಿಹೋಗುವಷ್ಟು ಸಬ್ಬಸಿಗೆ ಸೊಪ್ಪು, ಅವರೆಕಾಲದಲ್ಲಿ ಅವರೆಕಾಳು. ದೋಸೆಗೆ ಅಕ್ಕಿ ಕಡಿಮೆ ಮಾಡಿ ಹೆಸರುಕಾಳು, ಉದ್ದು ಹೆಚ್ಚಿಸಿ. ಇಡ್ಲಿ ಎರಡು, ತರಕಾರಿ ತುಂಬಿದ ಸಾಂಬಾರು ದೊಡ್ಡ ಬಟ್ಟಲು. ಮೊಟ್ಟೆ ತಿನ್ನುವವರು ಒಂದು ಬೇಯಿಸಿದ ಮೊಟ್ಟೆ ಇಟ್ಟುಕೊಳ್ಳಲಿ. ತಿನ್ನದವರು ಕಡಲೆಕಾಳಿನ ಉಸಲಿ. ಇಷ್ಟರಿಂದಲೇ ಮಧ್ಯಾಹ್ನದ ಹೊತ್ತಿಗೆ ಮೈ ಹಗುರವಾದದ್ದು ತಿಳಿಯುತ್ತದೆ.

ಕಾಫಿ, ಟೀ ಲೆಕ್ಕವನ್ನು ಯಾರೂ ಇಡುವುದಿಲ್ಲ. ಎರಡು ಚಮಚ ಸಕ್ಕರೆ ಎಂದರೆ ಹತ್ತು ಗ್ರಾಂ. ದಿನಕ್ಕೆ ಐದು ಲೋಟಕ್ಕೆ ಐವತ್ತು ಗ್ರಾಂ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರೋಗ್ಯವಂತರಿಗೆ. ಸಕ್ಕರೆಯ ಬದಲು ಬೆಲ್ಲ ಹಾಕುತ್ತೇನೆ ಎಂದು ನೆಮ್ಮದಿಯಿಂದ ಹೇಳುವವರಿಗೆ ನಾನು ಕಟುವಾಗಿಯೇ ಹೇಳುತ್ತೇನೆ: ಮಂಡ್ಯದ ಅಚ್ಚು ಬೆಲ್ಲವಾಗಲಿ, ಮಲೆನಾಡಿನ ಜೋನಿ ಬೆಲ್ಲವಾಗಲಿ, ಜೇನುತುಪ್ಪವಾಗಲಿ, ರಕ್ತದಲ್ಲಿ ಮಾಡುವ ಕೆಲಸ ಸಕ್ಕರೆಯದ್ದೇ. ಸಕ್ಕರೆಯನ್ನು ಒಮ್ಮೆಲೇ ನಿಲ್ಲಿಸಲಾಗದಿದ್ದರೆ ವಾರಕ್ಕೆ ಕಾಲು ಚಮಚದಂತೆ ಇಳಿಸಿ; ನಾಲಿಗೆ ಒಂದೆರಡು ತಿಂಗಳಲ್ಲಿ ಒಗ್ಗಿಕೊಳ್ಳುತ್ತದೆ. ಲೋಟದ ಪಕ್ಕದ ಬಿಸ್ಕತ್ತಿಗೆ ‘ಸಕ್ಕರೆ ಇಲ್ಲ’ ಎಂಬ ಚೀಟಿ ಇದ್ದರೂ ಅದರಲ್ಲಿ ಮೈದಾ ಇದ್ದೇ ಇದೆ. ಹಣ್ಣನ್ನು ರಸ ಮಾಡಿ ಕುಡಿಯಬೇಡಿ, ಹಣ್ಣಾಗಿಯೇ ತಿನ್ನಿ. ಸೀಬೆ, ಪರಂಗಿ, ನೇರಳೆ, ಕಿತ್ತಳೆ ಒಂದು ಸಣ್ಣ ಬಟ್ಟಲು, ಊಟದ ಬೆನ್ನಿಗೆ ಬೇಡ, ನಡುವಿನ ಹೊತ್ತಿಗೆ. ಮಾವಿನ ಕಾಲದಲ್ಲಿ ಎರಡು ಹೋಳು ತಿಂದು, ಆ ದಿನ ಅನ್ನ ಅಷ್ಟು ಕಡಿಮೆ ಮಾಡಿ. ಇಡೀ ಬೇಸಿಗೆ ಮಾವಿನ ಹಣ್ಣನ್ನು ದೂರದಿಂದ ನೋಡುತ್ತ ಕೂರಬೇಕಾಗಿಲ್ಲ.

ಈಗ ನನಗೆ ಬಹಳ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆ ಬಂದರೆ ಅವರಿಗೆ ಬೇರೆ ಚಪಾತಿ, ಬೇರೆ ಪಲ್ಯ, ಹೊತ್ತಿಗೆ ಸರಿಯಾಗಿ ಮಾತ್ರೆ, ಎಲ್ಲವೂ ನಡೆಯುತ್ತದೆ. ನಡೆಸುವವರು ಮನೆಯ ಹೆಂಗಸರು. ಅದೇ ಕಾಯಿಲೆ ಆ ಹೆಣ್ಣುಮಗಳಿಗೆ ಬಂದರೆ? ಅವಳಿಗಾಗಿ ಬೇರೆ ಒಲೆ ಹಚ್ಚುವವರಿಲ್ಲ. ಅವಳೂ ತನಗಾಗಿ ಹಚ್ಚಿಕೊಳ್ಳುವುದಿಲ್ಲ. ಬೆಳಗ್ಗೆ ಮಾತ್ರೆ ನುಂಗಿ ಕಾಫಿ ಕುಡಿದು ಕೆಲಸಕ್ಕೆ ನಿಂತರೆ ಮಕ್ಕಳ ಡಬ್ಬಿ, ಗಂಡನ ಡಬ್ಬಿ, ಅತ್ತೆ ಮಾವನ ತಿಂಡಿ ಮುಗಿಯುವ ಹೊತ್ತಿಗೆ ಹತ್ತೂವರೆ. ಆಗ ಪಾತ್ರೆಯ ತಳದ ಚಿತ್ರಾನ್ನ, ಮಗು ಬಿಟ್ಟ ಅರ್ಧ ದೋಸೆ. ಮಧ್ಯಾಹ್ನ ಎಲ್ಲರದೂ ಆದ ಮೇಲೆ ಉಣ್ಣಲು ಕೂತರೆ ಪಲ್ಯ ಖಾಲಿ, ಕಾಳು ಖಾಲಿ, ಉಳಿದದ್ದು ಅನ್ನ ಮತ್ತು ತಿಳಿಸಾರು. ರಾತ್ರಿಯೂ ಅದೇ. ಎಸೆಯಲು ಮನಸ್ಸು ಬಾರದೆ ಮಿಕ್ಕಿದ ಅನ್ನವನ್ನೂ ಅವಳೇ ಉಣ್ಣುತ್ತಾಳೆ. ಸಕ್ಕರೆ ಏರಿಸುವುದಕ್ಕೆ ಇದಕ್ಕಿಂತ ಸರಿಯಾದ ಊಟ ಇನ್ನೊಂದಿಲ್ಲ. ಅವಳ ವರದಿಯಲ್ಲಿ ಅಂಕೆ ಏರಿದಾಗ ‘ಬಾಯಿ ಕಟ್ಟುವುದಿಲ್ಲ’ ಎಂದು ಮನೆಯವರು ದೂರುವುದನ್ನು ಕೇಳಿದಾಗ ನನಗೆ ಬಹಳ ನೋವಾಗುತ್ತದೆ. ಅವಳು ಆಸೆಪಟ್ಟು ತಿಂದದ್ದು ಒಂದು ತುತ್ತೂ ಇಲ್ಲ.

ಆದ್ದರಿಂದ ಅಡುಗೆ ಮಾಡುವ ತಾಯಂದಿರೇ, ಬಡಿಸುವ ಮುಂಚೆಯೇ ನಿಮ್ಮ ಪಾಲಿನ ಪಲ್ಯ, ಕಾಳು, ಮೊಸರನ್ನು ಒಂದು ಡಬ್ಬಿಗೆ ತೆಗೆದಿಟ್ಟುಬಿಡಿ. ಇದು ಸ್ವಾರ್ಥವಲ್ಲ, ಚಿಕಿತ್ಸೆ. ಅನ್ನಕ್ಕೆ ಅಕ್ಕಿ ಹಾಕುವಾಗ ಅರ್ಧ ಪಾವು ಕಡಿಮೆ ಹಾಕಿ, ಆಗ ಮಿಗುವ ಅನ್ನದ ಚಿಂತೆಯೇ ಇಲ್ಲ. ಮನೆಯ ಗಂಡಸರೇ, ಮಕ್ಕಳೇ, ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ತರಕಾರಿ ಹೆಚ್ಚಿಕೊಡುವ ಕೆಲಸವನ್ನು ಹಂಚಿಕೊಳ್ಳಿ. ನಾನು ಇಲ್ಲಿಯವರೆಗೆ ಹೇಳಿದ ಊಟದಲ್ಲಿ ಕಾಯಿಲೆಯವರಿಗೆಂದೇ ಬೇರೆ ಮಾಡುವಂಥದ್ದು ಏನೂ ಇಲ್ಲ. ಅಪ್ಪ ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಮಕ್ಕಳಿಗೂ ಅದು ಬರುವ ಸಂಭವ ಹೆಚ್ಚು. ಆ ಮಕ್ಕಳ ತಟ್ಟೆಯೂ ಇವತ್ತೇ ಬದಲಾಗಲಿ.

ಹೊತ್ತು ತಪ್ಪಿದ ಊಟದಲ್ಲಿ ಇನ್ನೊಂದು ಅಪಾಯವಿದೆ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರಲ್ಲಿ ಊಟ ತಡವಾದರೆ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ಕೈ ನಡುಕ, ಬೆವರು, ಎದೆ ಡವಡವ, ಕಣ್ಣು ಮಂಜು, ಸುಮ್ಮನೆ ಸಿಟ್ಟು. ಸಕ್ಕರೆಯ ಅಂಕೆ 70ಕ್ಕಿಂತ ಕೆಳಗಿದ್ದರೆ, ಅಥವಾ ಅಳೆಯಲು ಸಾಧನವಿಲ್ಲದೆ ಈ ಲಕ್ಷಣ ಕಂಡರೆ, ಮೂರು ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ನೀರಿನಲ್ಲಿ ಕರಗಿಸಿ ತಕ್ಷಣ ಕುಡಿಯಿರಿ. ಹದಿನೈದು ನಿಮಿಷ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ. ಆಮೇಲೆ ಊಟ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು. ಇನ್ನು ಉಪವಾಸದ ಫಲಾಹಾರವೆಂದು ಸಬ್ಬಕ್ಕಿ, ಅವಲಕ್ಕಿ, ಸಜ್ಜಿಗೆಯನ್ನು ಹೊಟ್ಟೆತುಂಬ ತಿಂದರೆ ಅದು ಊಟಕ್ಕಿಂತ ಹೆಚ್ಚೇ ಆಗುತ್ತದೆ.

ಮೆಂತ್ಯ, ಹಾಗಲಕಾಯಿಯ ಬಗ್ಗೆ ಕೇಳದೆ ಯಾರೂ ನನ್ನನ್ನು ಬಿಡುವುದಿಲ್ಲ. ಮೆಂತ್ಯಕಾಳು ಸಕ್ಕರೆಯನ್ನು ಸ್ವಲ್ಪ ತಗ್ಗಿಸುತ್ತದೆ ಎಂದು ಹೈದರಾಬಾದಿನ ಅದೇ ಪೋಷಣೆ ಸಂಸ್ಥೆಯಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ನೆನೆಸಿ ತಿನ್ನಿ, ದೋಸೆ ಹಿಟ್ಟಿಗೆ ಹಾಕಿ. ಹಾಗಲಕಾಯಿ ಒಳ್ಳೆಯ ತರಕಾರಿ, ಪಲ್ಯ ಗೊಜ್ಜು ಮಾಡಿ. ಆದರೆ ಇವನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ, ಇನ್ಸುಲಿನ್ ಅಂತೂ ನಿಲ್ಲಿಸಲೇಬೇಡಿ. ಇನ್ಸುಲಿನ್ ಸಿಗುವ ಮೊದಲು ಅಮೆರಿಕದಲ್ಲಿ ಫ್ರೆಡರಿಕ್ ಅಲೆನ್ ಎಂಬ ವೈದ್ಯ ಈ ಕಾಯಿಲೆಯ ಮಕ್ಕಳಿಗೆ ಊಟವನ್ನೇ ಕಡಿದು ಬದುಕಿಸಲು ನೋಡಿದರು. ಮಕ್ಕಳು ಮೂಳೆ ಚಕ್ಕಳವಾಗಿ ಕೆಲವು ಕಾಲ ಉಳಿದರು, ಅಷ್ಟೇ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟ ಮೇಲೆ ಆ ಕಾಲ ಮುಗಿಯಿತು. ಮೈಯಲ್ಲಿ ಇನ್ಸುಲಿನ್ನೇ ಉತ್ಪತ್ತಿಯಾಗದ ಮಕ್ಕಳನ್ನು ಪಥ್ಯದಿಂದ, ಕಷಾಯದಿಂದ ಗುಣಪಡಿಸುತ್ತೇವೆ ಎನ್ನುವವರ ಬಾಗಿಲಿಗೆ ದಯವಿಟ್ಟು ಹೋಗಬೇಡಿ.

ಮೂತ್ರಪಿಂಡದ ತೊಂದರೆ ಇರುವವರು ಬೇಳೆಕಾಳು, ಮೊಟ್ಟೆ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಅವರ ಲೆಕ್ಕ ಬೇರೆ. ಉಪ್ಪಿನಕಾಯಿ, ಹಪ್ಪಳ ಎಲ್ಲರಿಗೂ ಮಿತವಾಗಿರಲಿ, ಏಕೆಂದರೆ ಸಕ್ಕರೆಯ ಜೊತೆ ಬಿಪಿಯೂ ಇರುವವರೇ ಹೆಚ್ಚು. ಹಬ್ಬದ ಹೋಳಿಗೆ ಅರ್ಧ ತಿನ್ನಿ, ಆ ಹೊತ್ತಿನ ಅನ್ನ ಬಿಡಿ, ಮನಸ್ಸಿನಲ್ಲಿ ಅಪರಾಧಿ ಭಾವ ಇಟ್ಟುಕೊಳ್ಳಬೇಡಿ. ಊಟವಾದ ಮೇಲೆ ಟಿವಿ ಮುಂದೆ ಕೂರುವ ಬದಲು ಹತ್ತು ಹದಿನೈದು ನಿಮಿಷ ನಡೆಯಿರಿ. ನಡೆಯುವ ಕಾಲಿನ ಸ್ನಾಯು ಆಗತಾನೇ ಬಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ರಾತ್ರಿ ಊಟದ ನಂತರ ಇದರ ಲಾಭ ಹೆಚ್ಚು.

ಇಷ್ಟೆಲ್ಲ ಮಾಡಿ ಫಲ ಸಿಕ್ಕಿತೇ ಎಂದು ನೋಡುವುದು ಹೇಗೆ? ರಕ್ತದ ಸಕ್ಕರೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರ ಒಳಗೆ, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 7ರ ಒಳಗೆ. ಸಾಮಾನ್ಯವಾಗಿ ಇವು ಗುರಿ; ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ವೈದ್ಯರು ಸ್ವಲ್ಪ ಸಡಿಲ ಮಾಡುತ್ತಾರೆ. ಗ್ಲೂಕೋಮೀಟರ್ ಇರುವವರು ಒಂದು ದಿನ ಮಾಮೂಲಿನಂತೆ ಉಂಡು, ಊಟ ಶುರುವಾದ ಎರಡು ಗಂಟೆಗೆ ಅಳೆಯಿರಿ. ಮಾರನೆಯ ದಿನ ಅನ್ನ ಅರ್ಧ ಮಾಡಿ, ಪಲ್ಯ ಎರಡರಷ್ಟು ಮಾಡಿ ಅಳೆಯಿರಿ. ನನ್ನ ಭಾಷಣಕ್ಕಿಂತ ಆ ಎರಡು ಅಂಕೆಗಳು ನಿಮಗೆ ಹೆಚ್ಚು ಹೇಳುತ್ತವೆ. ಮೂವತ್ತು ದಾಟಿದವರು ಒಮ್ಮೆಯೂ ಪರೀಕ್ಷೆ ಮಾಡಿಸದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರದ ‘ನಮ್ಮ ಕ್ಲಿನಿಕ್’ಗೋ ಹೋಗಿ, ಅಲ್ಲಿ ಬಿಪಿ, ಶುಗರ್ ಎರಡನ್ನೂ ಹಣವಿಲ್ಲದೆ ನೋಡುತ್ತಾರೆ.

ಕೊನೆಗೆ ಒಂದು ಕೋರಿಕೆ. ಮುಂದಿನ ಸಲ ವೈದ್ಯರ ಬಳಿ ಹೋಗುವ ಮೊದಲು ಮೂರು ದಿನ, ಅದರಲ್ಲಿ ಒಂದು ಭಾನುವಾರ ಇರಲಿ, ಬೆಳಗಿನ ಕಾಫಿಯಿಂದ ರಾತ್ರಿಯ ಹಾಲಿನವರೆಗೆ ತಿಂದದ್ದು ಕುಡಿದದ್ದನ್ನೆಲ್ಲ ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆಯಿರಿ: ಎಷ್ಟು ಗಂಟೆಗೆ, ಎಷ್ಟು ಸೌಟು, ಎಷ್ಟು ಚಮಚ. ಬರೆಯಲು ಬಾರದವರು ಮನೆಯ ಹುಡುಗರ ಕೈಲಿ ಬರೆಸಿ. ಬೈಯುತ್ತಾರೆಂದು ಏನನ್ನೂ ಮುಚ್ಚಿಡಬೇಡಿ. ಲ್ಯಾಬಿನ ಚೀಟಿಯ ಜೊತೆ ಆ ಹಾಳೆಯನ್ನೂ ವೈದ್ಯರ ಮುಂದೆ ಇಡಿ. ಅದನ್ನು ನೋಡಿದರೆ ನಿಮ್ಮ ಮನೆಗೆ, ನಿಮ್ಮ ಕೆಲಸಕ್ಕೆ, ನಿಮ್ಮ ಜೇಬಿಗೆ ಒಗ್ಗುವ ಊಟವನ್ನು ಹೇಳುವುದಕ್ಕೆ ಅವರಿಗೂ ಸುಲಭ, ನಮ್ಮಂಥವರಿಗೂ ಸುಲಭ.